ಹೆಗಲ ಬೂದಿ

ಅಮಾಸೆಯ ಮರುದಿನ
ಹಳೇ ಬಸ್‌ಸ್ಟ್ಯಾಂಡಿನ ಅಂಗಡಿಸಾಲಿನ ಮುಂದೆ
ಒಡೆದು ಬಿದ್ದಿತ್ತು ಬೂದುಗುಂಬಳ,
ಹೊಟ್ಟೆಯಲ್ಲಿ ಕುಂಕುಮ, ಒಂದಿಷ್ಟು ಚಿಲ್ಲರೆ.
ಚಿಲ್ಲರೆಯನ್ನು ಯಾರೋ ಆಗಲೇ ಆಯ್ದಿದ್ದರು.
ನಾನು ಬೀಜ ಆಯ್ದೆ,
ಸೆರಗಿನ ತುದಿಗೆ ಗಂಟು ಹಾಕಿದೆ.

"ದೃಷ್ಟಿ ತೆಗೆದ ಕಾಯಿ ಅದು, ಮನೆಯೊಳಗೆ ತರಬ್ಯಾಡ"
ಅಂದಳು ಗೋಡೆಯಾಚೆಯ ಮಾಬೂಬಿ.
ಮನೆಯೊಳಗೆ ತರಲಿಲ್ಲ, ಹಿತ್ತಲಿಗೆ ತಂದೆ.
ಹಿತ್ತಲೆಂದರೆ ಬಚ್ಚಲ ನೀರು ಹರಿಯುವ
ಎರಡು ಮಂಚದಗಲ ನೆಲ.

ದಾದಾಪೀರನ ಮಂಡಕ್ಕಿ ಭಟ್ಟಿ ನಮ್ಮ ಬೆನ್ನಿಗೇ ಇದೆ.
ನಸುಕಿನ ಮೂರಕ್ಕೆ ಬಾಣಲೆಯ ಮರಳು ಕಾದು
ಅಕ್ಕಿ ಚಟಪಟ ಅರಳುವಾಗ
ನನಗೂ ಎಚ್ಚರ.
ಒಲೆಗೆ ಸುರಿದ ಭತ್ತದ ಹೊಟ್ಟು ಬೂದಿಯಾಗಿ
ಓಣಿಯ ಮೇಲೆಲ್ಲ ಇಳಿಯುತ್ತದೆ,
ಒಗೆದ ಬಟ್ಟೆಗೆ, ಹಾಲಿನ ಪಾತ್ರೆಗೆ,
ಹೊರಗೆ ಮಲಗಿದವರ ಹುಬ್ಬಿಗೆ.
ಬೈಯುತ್ತಲೇ ಗುಡಿಸಿ ಡಬ್ಬಿಗೆ ತುಂಬಿ
ಇಬ್ಬನಿ ಆರುವ ಮುಂಚೆ ಎಲೆಗಳಿಗೆ ಉದುರಿಸಿದೆ.
ಕೆಂಪು ಹುಳ ಎದ್ದು ಹೋಯಿತು.

ಮೊದಲು ಬಂದದ್ದೆಲ್ಲ ಗಂಡು ಹೂವು.
ಉದ್ದ ತೊಟ್ಟಿನ ಮೇಲೆ ಕತ್ತು ಚಾಚಿ
ಚಾದಂಗಡಿ ಮುಂದಿನ ಹುಡುಗರ ಹಾಗೆ
ಕೆಲಸವಿಲ್ಲದೆ ಅರಳಿ
ಮಧ್ಯಾಹ್ನಕ್ಕೆ ಬಾಡುತ್ತಿದ್ದವು.
ಹನ್ನೆರಡನೇ ದಿನ ಒಂದು ಹೆಣ್ಣು,
ಹೂವಿನ ಬುಡಕ್ಕೆ ಹೆಬ್ಬೆರಳಷ್ಟು ಹೀಚು,
ಮೈತುಂಬ ರೋಮ.

ಈ ಹೊಗೆಗೆ ಜೇನು ನಮ್ಮ ಕಡೆ ಸುಳಿಯುವುದಿಲ್ಲ.
ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು,
ಹಳದಿ ಪುಡಿ ಮೆತ್ತಿದ ಕಡ್ಡಿಯನ್ನು
ಅವಳೊಳಗೆ ಮೆಲ್ಲಗೆ ತಿರುವಿದೆ.
ಐವತ್ತೆಂಟು ವರ್ಷ ನನಗೆ.
ಒಂದು ಮದುವೆಯನ್ನೂ ಕೂಡಿಸಿದವಳಲ್ಲ,
ನನ್ನದನ್ನೂ.
"ಏನ್ ಮಾಡಾಕತ್ತೀಯೆ ಕೊಟ್ರವ್ವ?"
ಗೋಡೆಯ ಮೇಲೆ ಮಾಬೂಬಿಯ ತಲೆ.
"ಬೀಗತನ" ಅಂದೆ.

ಹೀಚು ನಿಂತಿತು.
ಬಳ್ಳಿ ಗೋಡೆ ಹತ್ತಿ ಅವಳ ತಗಡಿನ ಮೇಲೆ ಒರಗಿತು.
ಓಣಿಯ ಮಕ್ಕಳಿಗೆ ಹೇಳಿಟ್ಟೆ:
ಬೆರಳು ತೋರಿಸಬೇಡಿ, ಕೊಳೆತು ಉದುರುತ್ತದೆ,
ತೋರಿಸಲೇಬೇಕಾದರೆ ಮಡಚಿದ ಬೆರಳು ತೋರಿಸಿ.
ಗೇಣುದ್ದವಾಯಿತು, ಮೊಳಕ್ಕೆ ಸಮವಾಯಿತು,
ರೋಮ ಉದುರಿ ಬೂದಿ ಹತ್ತಿತು.
ತನ್ನದೋ ಭಟ್ಟಿಯದೋ
ಹೇಳುವಂತಿರಲಿಲ್ಲ.

ಒಂದು ಬೆಳಗ್ಗೆ ನೋಡಿದರೆ
ತಗಡಿನ ಮೇಲೆ ಕಾಯಿ ಇದ್ದ ಜಾಗವಷ್ಟೇ
ಹೊಸದರ ಹಾಗೆ ಹೊಳೆಯುತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ನಾನೂ ಓಣಿಯ ಬಾಯಲ್ಲಿ ನಿಂತು ಕೂಗಿದೆ.
ಪಂಕ್ಚರ್ ತಿಪ್ಪೇಶಿಯ ಹೆಗಲ ಮೇಲೆ ಬೂದಿ.
ಮೂಟೆ ಹೊರುವ ಇಬ್ಬರ ಹೆಗಲ ಮೇಲೆ ಬೂದಿ.
ಹಾಲು ಹಾಕುವವನ ಮೇಲೂ, ಮಾಬೂಬಿಯ ಮಗನ ಮೇಲೂ,
ಭಟ್ಟಿ ಬಾಗಿಲ ನಾಯಿಯ ಮೇಲೂ.
ಯಾರೂ ಮುಟ್ಟಿ ನೋಡಿಕೊಳ್ಳಲಿಲ್ಲ.
ನಮ್ಮ ಓಣಿಯಲ್ಲಿ ಆ ಗಾದೆ ನಡೆಯುವುದಿಲ್ಲ.

ಬೆರಳು ಮಡಚಿಕೊಂಡು ಒಳಗೆ ಬಂದೆ.
ಕನ್ನಡಿಯಲ್ಲಿ ನನ್ನ ಹೆಗಲೂ ಬೆಳ್ಳಗೆ,
ಅದರ ಮೇಲೆ
ಅವತ್ತು ಬೀಜ ಗಂಟು ಹಾಕಿದ್ದ ಅದೇ ಸೆರಗು.

ಮೂರನೇ ದಿನ ಗೋಡೆಯ ಮೇಲೆ
ಮಂಡಕ್ಕಿ ಚೀಲದಲ್ಲಿ ಸುತ್ತಿದ ಅರ್ಧ ಕುಂಬಳ,
ಬೀಜ ಸಮೇತ.
ಇಡೀ ಕಾಯಿಗೆ ಹೆಂಗಸು ಮೊದಲ ಏಟು ಹಾಕಬಾರದಂತೆ,
ಗಂಡಸೇ ಹೋಳು ಮಾಡಬೇಕಂತೆ.
ಒಬ್ಬಳೇ ಇರುವ ನಾನು ಯಾರನ್ನು ಕರೆಯುತ್ತಿದ್ದೆನೋ!
ಕಳ್ಳ ಆ ಚಿಂತೆಯನ್ನೂ ಕದ್ದಿದ್ದ.

ಮಜ್ಜಿಗೆ ಹುಳಿ ಮಾಡಿದೆ. ಉಪ್ಪು ಒಂಚೂರು ಹೆಚ್ಚಾಯಿತು.
ಬಟ್ಟಲೊಂದನ್ನು ಗೋಡೆ ದಾಟಿಸಿದೆ.
ಮಾಬೂಬಿ ಮುಚ್ಚಳ ತೆಗೆದಳು, ನನ್ನ ಮುಖ ನೋಡಲಿಲ್ಲ.
"ನಮ್ಮನೇಲಿ ಹಲ್ವಾ ಐತಿ, ತರ್ಲಾ?"
ಯಾತರದು ಎಂದು ನಾನು ಕೇಳಲಿಲ್ಲ.

"ತಾ" ಅಂದೆ.
"ಬೀಜ ಒಣಗಿಸಬೇಕು,
ನಿನ್ನ ತಗಡಿನ ಮೇಲೆ ಒಂಚೂರು ಜಾಗ ಕೊಡು."