ದಪ್ಪಕ್ಷರದವಳು

ಟೂರಿನ್. ಡೋರಾ ಹೊಳೆಯ ದಂಡೆ. ಅಚ್ಚುಮೊಳೆಯ ಕಾರ್ಖಾನೆ.
ಮೂರನೇ ಮಹಡಿ, ಉತ್ತರದ ಕಿಟಕಿ,
ನೆರಳು ಬೀಳಿಸದ ಬೆಳಕು.
ಎರ್ಸೀಲಿಯಾ ನಾನು, ಹತ್ತೊಂಬತ್ತು,
ಕೈವಾರ ಹಿಡಿದವಳು.

ಯಜಮಾನರು ಅಂದರು: ಬಾಲ ಬೇಡ, ಬಳುಕು ಬೇಡ.
ಗೆರೆ, ಚೌಕ, ತ್ರಿಕೋನ, ವೃತ್ತ. ಸಾಕು.
ಓಡುವ ಟ್ರಾಮಿನಿಂದಲೂ ಒಂದೇ ನೋಟಕ್ಕೆ ದಕ್ಕಬೇಕು.
ದಪ್ಪ, ಇನ್ನೂ ದಪ್ಪ,
ಹಿಟ್ಟಿನ ಮೂಟೆ ಹೊರುವ ಹಮಾಲನ ಕತ್ತಿನಷ್ಟು.

ಮೊನೆ ಊರಿ ಒಂದು ಸುತ್ತು, ಒಳಗೆ ಮತ್ತೊಂದು ಸುತ್ತು,
ನಡುವೆ ಶಾಯಿ ತುಂಬಿದರೆ ಓ ಸಿದ್ಧ.
ಅಳೆದರೆ ಕೂದಲೆಳೆಯ ತಪ್ಪಿಲ್ಲ.
ನೋಡಿದರೆ
ಹಲ್ಲುನೋವಿಗೆ ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದುಕೊಂಡ ಮುಖ.
ಪಕ್ಕದ ಅಕ್ಷರಕ್ಕಿಂತ ಗಿಡ್ಡ ಬೇರೆ.

ಅಚ್ಚು ಕೊರೆಯುವ ಮುದುಕ ಗೌದೆನ್ಸಿಯೊ ನಕ್ಕ:
ಕಣ್ಣಿಗೆ ಕೈವಾರ ಗೊತ್ತಿಲ್ಲ, ಹುಡುಗಿ.
ದುಂಡಗೆ ಕಾಣಬೇಕಾದರೆ ದುಂಡಗಿರಬಾರದು.
ನೆತ್ತಿ ತುಸು ಕೆರೆ, ಗದ್ದ ತುಸು ಕೆರೆ,
ಮೇಲೂ ಕೆಳಗೂ ಗೆರೆ ದಾಟಿಸು, ಉಗುರಿನಷ್ಟು.
ನಿಜಕ್ಕೂ ಸ್ವಲ್ಪ ಸುಳ್ಳು ಬೆರೆಸಬೇಕು, ಚಿನ್ನಕ್ಕೆ ತಾಮ್ರದ ಹಾಗೆ.

ಹನ್ನೊಂದು ವಾರ, ಒಂದು ಓ.
ಎಸ್ ಇಡೀ ಒಂದು ಚಳಿಗಾಲ ತಿಂದಿತು, ಅದರ ಮಾತು ಬೇಡ.

ಮೊದಲು ಕಂಡದ್ದು ಸಾಬೂನಿನ ಡಬ್ಬದ ಮೇಲೆ.
ಆಮೇಲೆ ಹಾಲಿನಂಗಡಿ, ಈಜುಕೊಳ, ಗ್ಯಾರೇಜು, ಹಲ್ಲಿನ ವೈದ್ಯನ ಬಾಗಿಲು.
ಭಾನುವಾರ ಅಮ್ಮನನ್ನು ಕರೆದೊಯ್ದು ತೋರಿಸಿದೆ.
ಓದು ಬಾರದ ಅಮ್ಮ ಅಂದಳು,
ಒಲೆಯ ಬಾಯಿ ಇದ್ದ ಹಾಗಿದೆಯಲ್ಲೇ.

ಆಮೇಲೆ ಗೋಡೆಗೆ ಬಂತು.
ಶಾಲೆಯ ಗೋಡೆಗೆ, ಆಳೆತ್ತರ, ಕಪ್ಪು ಬಣ್ಣದಲ್ಲಿ:
ಪಾಲಿಸು.
ನಮ್ಮ ಭಾಷೆಯಲ್ಲಿ ಆ ಮಾತು ಓ ಅಕ್ಷರದಿಂದಲೇ ಶುರು.
ಅದರ ಕೆಳಗೆ ಮಕ್ಕಳು ಸಾಲಾಗಿ, ಒಂದೇ ಅಳತೆಯ ಅಂಗಿಯಲ್ಲಿ.
ಅಕ್ಷರದ್ದೇನು ತಪ್ಪು, ಸೀಸಕ್ಕೆ ನಾಲಿಗೆಯಿಲ್ಲ, ಅಂದ ಗೌದೆನ್ಸಿಯೊ.
ಇರಬಹುದು.
ಆದರೆ ದೂರಕ್ಕೆ ಕೇಳಿಸಲೆಂದು, ಎಲ್ಲೂ ತಡವರಿಸದಿರಲೆಂದು,
ನಡುವೆ ಬಾಯಿ ಹಾಕಲು ಯಾರಿಗೂ ಜಾಗವಿಲ್ಲದಂತೆ
ಒತ್ತೊತ್ತಾಗಿ ಕೂರಿಸಿದವಳು ನಾನು.
ಒಂದು ಸಣ್ಣ ಬಾಲವಾದರೂ ಇಟ್ಟಿದ್ದರೆ,
ಎಲ್ಲಾದರೂ ಒಂದು ಕಡೆ ಹಿಂಜರಿದಿದ್ದರೆ.

ಬಾಂಬು ಬೀಳತೊಡಗಿದಾಗ
ಬೀದಿ ಬೀದಿಗೆ ಬಾಣದ ಗುರುತು, ಅದೇ ದಪ್ಪಕ್ಷರ.
ಆಸರೆ ಎಂಬ ನಮ್ಮ ಮಾತು ಮುಗಿಯುವುದೂ ಓ ಅಕ್ಷರದಲ್ಲೇ.
ಹೊಗೆಯೊಳಗೆ ಅದನ್ನೇ ಓದಿಕೊಂಡು ನೆಲಮಾಳಿಗೆಗೆ ಓಡಿದೆವು,
ಅಮ್ಮನನ್ನು ನಾನು ಎಳೆದುಕೊಂಡು.
ಇದಕ್ಕೆ ಅದು ಸರಿಹೋಯಿತು ಎನ್ನಲಾರೆ.
ಲೆಕ್ಕ ಹಾಗೆ ಚುಕ್ತಾ ಆಗುವುದಿಲ್ಲ.

ಈಗ ಅರವತ್ತೇಳು ನನಗೆ.
ಮಾದರಿ ಪುಸ್ತಕದಲ್ಲಿರುವುದು ಯಜಮಾನರ ಹೆಸರು.
ಉರಿಯುತ್ತಿತ್ತು ಮೊದಲು. ಈಗ ಕೆಲವು ದಿನ
ಒಳ್ಳೆಯದೇ ಆಯಿತು ಅನ್ನಿಸುತ್ತದೆ.

ನಿನ್ನೆ ಪೋರ್ತಾ ಪಲಾಟ್ಸೊ ಸಂತೆಯಲ್ಲಿ
ರಟ್ಟಿನ ತುಂಡಿನ ಮೇಲೆ ಬೆಳ್ಳುಳ್ಳಿಯ ಬೋರ್ಡು: ಆಲ್ಯೊ.
ದಕ್ಷಿಣದಿಂದ ಬಂದ ಹುಡುಗ, ಕೈಯಲ್ಲಿ ಗೋಡೆ ಬಳಿಯುವ ಕುಂಚ,
ಎಲ್ಲೋ ಕಂಡ ನನ್ನ ಅಕ್ಷರವನ್ನು ನೆನಪಿನಿಂದ ಬರೆದಿದ್ದಾನೆ.
ಗೆರೆಗಳು ಒಂದೊಂದು ದಪ್ಪ,
ಓ ಒಂದು ಮಗ್ಗುಲಿಗೆ ಜಗ್ಗಿದೆ, ಮಲಗಿ ಎದ್ದ ದಿಂಬಿನ ಹಾಗೆ.
ಬಣ್ಣ ಸೋರಿ
ಕೆಳಗೊಂದು ಪುಟ್ಟ ಬಾಲ.

ತುಂಬ ಹೊತ್ತು ನಿಂತೆ. ಏನಮ್ಮ ಬೇಕು, ಅಂದ.
ಮನೆಯಲ್ಲಿ ಬೆಳ್ಳುಳ್ಳಿ ಇತ್ತು.
ಕಾಲು ಕಿಲೋ, ಅಂದೆ.