ಇಪ್ಪತ್ತೇಳನೇ ಬೋರ್ಡು

ಮಂಗಳವಾರ ನಮಗೆ ರಜೆ.
ಪಂದ್ಯ ಇಡುವವರು ಭಾನುವಾರವೇ ಇಡುತ್ತಾರೆ.
ಶ್ರೀರಾಮಪುರದ ಅಂಗಡಿಯನ್ನು ಬಾಮೈದನ ಕೈಗೆ ಕೊಟ್ಟು
ಹದಿನೆಂಟು ತಲೆಯ ದುಡ್ಡು ಬಿಟ್ಟು
ರಾಜಾಜಿನಗರದ ಈ ಛತ್ರದಲ್ಲಿ ಕೂತಿದ್ದೇನೆ.
ನಿನ್ನೆಯ ಮದುವೆಯ ಸಾರಿನ ವಾಸನೆ ಇನ್ನೂ ಹೋಗಿಲ್ಲ,
ಕಂಬಕ್ಕೆ ಒಂದೇ ಒಂದು ಸೇವಂತಿಗೆಯ ಎಳೆ.

ನಾಲ್ಕನೇ ಸುತ್ತು. ಚೀಟಿಯಲ್ಲಿ
ಬಿಳಿ: ಮುನಿಕೃಷ್ಣ ಬಿ.
ಕಪ್ಪು: ನೈದಿಲೆ ಎಂ.
ಒಂಬತ್ತು ವರ್ಷವಂತೆ. ಕುರ್ಚಿಯ ಮೇಲೆ ಮಂಡಿಯೂರಿದರೆ ಮಾತ್ರ
ನನ್ನ ಆನೆಗಳು ಅವಳಿಗೆ ಕಾಣುತ್ತವೆ.

ಮಂತ್ರಿಯ ಎಡಕ್ಕಿರುವ ಒಂಟೆಯ ಪೇದೆಯನ್ನು ಎರಡು ಮನೆ ತಳ್ಳಿದೆ.
ಅವಳೂ ತಳ್ಳಿದಳು.
ಕುದುರೆ ಬಿಟ್ಟೆ. ಬಿಟ್ಟಳು.
ಬಲಗಡೆಯ ಒಂಟೆಯನ್ನು ಕಿಂಡಿಯಲ್ಲಿ ಕೂರಿಸಿದೆ,
ಅತ್ತ ಕಿಂಡಿಯಲ್ಲೂ ಒಂದು ಒಂಟೆ ಬಂದು ಇಣುಕಿತು.
ನಟ್ಟನಡುವಿನ ನಾಲ್ಕು ಮನೆ ಖಾಲಿ,
ಬಂದ್ ದಿನದ ಮೈಸೂರು ಬ್ಯಾಂಕ್ ಸರ್ಕಲ್ಲಿನ ಹಾಗೆ.

ಇದು ನನಗೆ ಹೊಸದಲ್ಲ.
ಅಂಗಡಿಯಲ್ಲಿ ಎದುರುಬದುರು ಎರಡು ಕನ್ನಡಿ.
ನಡುವೆ ಕೂತವನ ತಲೆ ಸಾಲುಸಾಲಾಗಿ ಓಡುತ್ತದೆ
ಚಿಕ್ಕದಾಗುತ್ತಾ, ಹಸಿರಾಗುತ್ತಾ,
ಕೊನೆಯದು ಯಾರದೋ ಅನ್ನುವಷ್ಟು ದೂರ.
ಇಪ್ಪತ್ತೆರಡು ವರ್ಷ ಕನ್ನಡಿಯೊಳಗಿನ ಕೈ ನೋಡಿಯೇ
ಕತ್ತರಿ ಆಡಿಸಿದ್ದೇನೆ.
ಅದು ನನಗಿಂತ ಮೊದಲು ಎಂದೂ ಎದ್ದಿಲ್ಲ.

ಏಳು, ಎಂಟು, ಒಂಬತ್ತು.
ಅವಳ ಪೇದೆ ನನ್ನದನ್ನು ತಿಂದಿತು, ನನ್ನದು ಅವಳದನ್ನು.
ಲೆಕ್ಕ ಸಮ.
ಗಡಿಯಾರ ಅವಳ ಬಲಕ್ಕೆ, ಅಂದರೆ ನನ್ನ ಎಡಕ್ಕೆ;
ಎಡಚ ನಾನು, ಒಳಗೊಳಗೇ ಖುಷಿ.

ಹತ್ತಕ್ಕೆ ಇನ್ನೊಂದು ಕುದುರೆ ತೆಗೆದು ಕಾದೆ:
ಬರಲಿ ಅವಳ ಕುದುರೆ.
ಅವಳು ಜಡೆಯ ತುದಿ ಕಚ್ಚಿದಳು.
ಫ್ಯಾನು ನೋಡಿದಳು, ನಾಲ್ಕು ನಿಮಿಷ.
ಆಮೇಲೆ ಮಂತ್ರಿಯ ಮುಂದಿದ್ದ ಪೇದೆಯನ್ನು
ಎರಡು ಮನೆ ದೂಡಿ
ಟಪ್ಪೆಂದು ಗಡಿಯಾರ ಒತ್ತಿದಳು.

ಕನ್ನಡಿಯೊಳಗಿನವನು
ನನಗಿಂತ ಮುಂಚೆ ಕೈ ಎತ್ತಿದ.

ಗೊತ್ತಿರಬೇಕಿತ್ತು ನನಗೆ.
ಯಾರ ಕಿವಿಯೂ ಒಂದೇ ಮಟ್ಟದಲ್ಲಿರುವುದಿಲ್ಲ.
ಎರಡು ಕೆನ್ನೆಗೂದಲು ಸಮ ಕಾಣಬೇಕಾದರೆ
ಒಂದು ಕಡೆ ನೂಲೆಳೆಯಷ್ಟು ಸುಳ್ಳು ಕತ್ತರಿಸಬೇಕು.
ಗಿರಾಕಿಗೆ ಇದನ್ನು ಹೇಳುವುದಿಲ್ಲ,
ಬಟ್ಟೆ ಕೊಡವಿ ಮುಂದಿನವರನ್ನು ಕರೆಯುತ್ತೇವೆ.

ನಲವತ್ತೊಂದನೇ ನಡೆಗೆ ನನ್ನ ರಾಜ ಒಂಟಿ.
ಅವಳ ಪೇದೆ ಮಂತ್ರಿಯಾಗಲು ಇನ್ನೆರಡು ಮನೆ.
ಕೈ ಚಾಚಿದೆ. ಎಡಗೈ ಮುಂದಾಯಿತು, ಅವಳದು ಬಲಗೈ.
ಇಬ್ಬರೂ ಒಟ್ಟಿಗೇ ಕೈ ಬದಲಿಸಿದೆವು,
ಮತ್ತೆ ಅದೇ ಕಥೆ.
ಅವಳು ನಕ್ಕಳು.
ಒಂದು ಹಲ್ಲು ಬಿದ್ದಿತ್ತು, ಎಡಕ್ಕೋ ಬಲಕ್ಕೋ,
ಹಾಳೆಗೆ ರುಜು ಹಾಕುವಾಗಲೂ
ಅದನ್ನೇ ಯೋಚಿಸುತ್ತಿದ್ದೆ.