ಎರಡು ಗಂಟೆ ಬಾಕಿ

ಪರವಾನಗಿ ಮುಗಿಯಲು ಹನ್ನೊಂದು ದಿನ,
ಮೂವತ್ತು ಗಂಟೆಗೆ ಇನ್ನೆರಡು ಬಾಕಿ.
ಕಿವಿಯ ತರಗತಿಗಳೆಲ್ಲ ಭರ್ತಿ.
ಉಳಿದದ್ದು ಇದೊಂದೇ, ಗಂಟಲಿನದು.
ಆಡಿಯಾಲಜಿಸ್ಟರೂ ಬರಬಹುದು ಎಂದಿತ್ತು
ಸಣ್ಣಕ್ಷರದಲ್ಲಿ. ಬಂದೆ.

ಡುಲೂತ್, ಮಾರ್ಚ್. ಹೋಟೆಲಿನ ಎರಡನೇ ಮಹಡಿ.
ಕಿಟಕಿಯಾಚೆ ಸುಪೀರಿಯರ್ ಸರೋವರ,
ಆಚೆ ದಡ ಕಾಣದಷ್ಟು ಸಿಹಿನೀರು,
ಅರ್ಧ ಇನ್ನೂ ಮಂಜುಗಡ್ಡೆ.
ಒಳಗೆ ಕಾಗದದ ಲೋಟಗಳ ಸಾಲು, ಪುಡಿಯ ಡಬ್ಬ,
ಹಿಂದಿನ ಕುರ್ಚಿಗಳಿಗೇ ಮುಗಿಬಿದ್ದ ನಾವು,
ಬಿಳಿಗೂದಲು, ಓದುಕನ್ನಡಕ,
ಹೋಂವರ್ಕ್ ಮಾಡದೆ ಬಂದ ಮಕ್ಕಳ ಮುಖ.

ಕಲಿಸುವವಳು ಪಾಕೌ ಥಾವ್, ನನ್ನ ಮಗಳಿಗಿಂತ ಚಿಕ್ಕವಳು,
ಸೇಂಟ್ ಪಾಲ್‌ನಿಂದ ರಾತ್ರಿಯೇ ಕಾರು ಓಡಿಸಿಕೊಂಡು ಬಂದವಳು.
"ಇಬ್ಬಿಬ್ಬರು ಜೊತೆಯಾಗಿ.
ನೀರಿಗೆ ಪುಡಿ ಕಲಸಿ, ಜೇನಿನ ಹದಕ್ಕೆ.
ಒಬ್ಬರಿಗೊಬ್ಬರು ಕುಡಿಸಿ.
ಕುಡಿಯುವವರು ತಮ್ಮ ಕೈಗಳ ಮೇಲೆ ಕೂತಿರಬೇಕು."

ನನ್ನ ಪಾಲಿಗೆ ಲೋರ್ನಾ ಕೊಸ್ಕಿ.
ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ಪಾರ್ಶ್ವವಾಯು ಬಡಿದವರಿಗೆ
ನುಂಗುವುದನ್ನು ಮರಳಿ ಕಲಿಸಿದವಳು.
ಕೊಸ್ಕಿ ಎಂದರೆ ಅವಳಜ್ಜನ ಫಿನ್ನಿಶ್‌ನಲ್ಲಿ
ಬಂಡೆಗಳ ನಡುವೆ ಧುಮುಕುವ ಹೊಳೆಯಂತೆ.
ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು ನಕ್ಕಳು:
"ಸಾವಿರ ಜನಕ್ಕೆ ಬರೆದುಕೊಟ್ಟಿದ್ದೇನೆ ಇದನ್ನ.
ಒಂದು ಚಮಚೆ ಕುಡಿದವಳಲ್ಲ."

ಸ್ಟೆತೊಸ್ಕೋಪು ನನ್ನ ಕೈಗೆ ಬಂತು.
ಕಿವಿಯವನಲ್ಲವೇ, ನೀನೇ ಹಿಡಿ ಎಂದರು.
ಗಂಟಲಮಣಿಯ ಪಕ್ಕ
ಆ ತಣ್ಣನೆ ಬಿಲ್ಲೆ ಇಟ್ಟೆ.

ಮೊದಲು ಬರಿನೀರು.
ಟಕ್, ಟಕ್,
ಹಿಂದೆಯೇ ಬಿಟ್ಟ ಉಸಿರು.
ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತೆಗೆದು ಹಾಕಿದಷ್ಟು.
ಸದ್ದಿಲ್ಲದ ಕೋಣೆಯ ಗಾಜಿನಾಚೆ ಮೂವತ್ತು ವರ್ಷ ಕೂತು
ಕೇಳಿಸಿದರೆ ಗುಂಡಿ ಒತ್ತಿ ಎನ್ನುತ್ತ ಬಂದವನು,
ಇದನ್ನು ಕೇಳಿರಲಿಲ್ಲ.

ಆಮೇಲೆ ಹದ ಮಾಡಿದ್ದು.
ಚಮಚೆಯಿಂದ ಜಾರಲೊಲ್ಲದು.
ಗೋಡೆಗೆ ಕಾಗದ ಅಂಟಿಸಿ ಮುಗಿದ ಮೇಲೆ
ಬಕೆಟ್ಟಿನ ತಳದಲ್ಲಿ ಉಳಿಯುವುದಲ್ಲ, ಅದು.
ಬಾಯಿಗಿಟ್ಟೆ.
ಬಿಲ್ಲೆಯಡಿ ಏನೂ ಇಲ್ಲ.
ಲೋರ್ನಾಳ ಕಣ್ಣು ನನ್ನ ಭುಜ ದಾಟಿ ಸರೋವರದ ಮೇಲೆ.
ಉಗುಳುವಂತಿಲ್ಲ, ನುಂಗುವಂತಿಲ್ಲ.
ಬಿಸಿತುಪ್ಪವೆನ್ನೋಣವೆಂದರೆ
ಇದರಲ್ಲಿ ಬಿಸಿಯೂ ಇಲ್ಲ, ತುಪ್ಪವೂ ಇಲ್ಲ.
ಕೊನೆಗೆ ಒಂದು ಟಕ್.
ಬಹಳ ಹೊತ್ತು ತಡೆದು
ಇನ್ನೊಂದು.

"ವರ್ನರ್" ಎಂದಳು.

ಅದಿರಿನ ಹಡಗಿನ ಚುಕ್ಕಾಣಿ ಹಿಡಿದವನು, ನಲವತ್ತು ವರ್ಷ
ಇದೇ ನೀರಿನ ಮೇಲೆ. ಎಡಮೈ ಬಿದ್ದುಹೋಗಿತ್ತು.
ದಿನಾ ಬಲಗೈ ಎತ್ತಿ ಕಿಟಕಿ ತೋರಿಸುವನು,
ಆಮೇಲೆ ತನ್ನ ಬಾಯಿ.
"ನಾನು ಹದದ ಲೋಟ ಹಿಡಿಯುತ್ತಿದ್ದೆ. ಮುಖ ತಿರುಗಿಸುತ್ತಿದ್ದ.
ಸಹಕರಿಸುತ್ತಿಲ್ಲ, ಅಂತ ಬರೆದೆ.
ಹನ್ನೆರಡು ದಿನ ಅದನ್ನೇ ಬರೆದೆ.
ಹದಿಮೂರನೆಯ ದಿನ ಬರೆಯುವುದಿರಲಿಲ್ಲ."

ಪರದೆಯ ಮೇಲೆ ಪಾಕೌ ಓದುತ್ತಿದ್ದಳು:
ಬಾಯಿ ಶುಚಿ ಮಾಡಿ, ನೆಟ್ಟಗೆ ಕೂರಿಸಿ,
ಗುಟುಕು ಗುಟುಕಾಗಿ, ಬರಿನೀರು. ಕೆಲವರಿಗೆ. ಎಲ್ಲರಿಗಲ್ಲ.
ಲೋರ್ನಾ ಕೈ ಎತ್ತಿದಳು, ಒಂದನ್ನೇ:
"ಇದು ಯಾವ ವರ್ಷದಿಂದ ಗೊತ್ತು?"
ಹುಡುಗಿ ಪುಟ ಹಿಂದಕ್ಕೆ ತಿರುವಿ
ಒಂದು ಇಸವಿ ಹೇಳಿದಳು.
ಎಲ್ಲರೂ ಬರೆದುಕೊಂಡರು.
ಲೋರ್ನಾ ಬರೆದುಕೊಳ್ಳಲಿಲ್ಲ.

ಎರಡನೆಯ ಗಂಟೆ. ಅದಲುಬದಲು.
ಹಳೆಯ ಲೋಟದಲ್ಲಿ ಚಮಚೆ ತಾನೇ ನಿಂತಿತ್ತು.
ಹೊಸದಾಗಿ ಕಲಸಿದಳು, ಗಂಟಿಲ್ಲದಂತೆ,
ಕೈ ಪಳಗಿದವಳು.
ನಾನು ಕೈಗಳ ಮೇಲೆ ಕೂತೆ. ಬಾಯಿ ತೆರೆದೆ.

ಚಮಚೆ ಅರ್ಧದಲ್ಲೇ ನಿಂತಿತು.
"ಬೇಕಾ?" ಎಂದಳು.

ಅವಳ ಸರದಿಯಲ್ಲಿ
ನಾನು ಕೇಳಿರಲಿಲ್ಲ.